ಬಿಕ್ಕಲಂ

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಹೊಯ್ಸಳ ಸೋಮೇಶ್ವರನ ದಂಡನಾಯಕ ಬೊಮ್ಮಣ್ಣ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವಿದೆ. ಅದರ ಹೊರಗೋಡೆಯನ್ನು ಒಂದು ಸುತ್ತು ಹಾಕಿದರೆ ಎರಡು ಕೈಗಳ ಗುರುತು ಸಿಗುತ್ತದೆ. ದಕ್ಷಿಣದ ಮೂರ್ತಿಗಳು ಬೈಚೋಜನವು, ಉತ್ತರದವು ಮಲ್ಲಿತಮ್ಮನವು. ಇದನ್ನು ಯಾರೋ ಶೈಲಿ ನೋಡಿ ಊಹಿಸಿದ್ದಲ್ಲ. ಮೂರ್ತಿಗಳ ಪೀಠದಲ್ಲಿ ಅವರು ಹೆಸರು ಕೊರೆದಿದ್ದಾರೆ. ಒಂದೇ ಗುಡಿ, ಒಬ್ಬನೇ ಧಣಿ, ಇಬ್ಬರು ಕೆಲಸಗಾರರು. ಕೆಲಸ ಹಂಚಿಕೊಂಡರು, ಪಾಲಿಗೆ ಬಂದದ್ದಕ್ಕೆ ತಮ್ಮ ತಮ್ಮ ಹೆಸರು ಹಾಕಿದರು. ಮಲ್ಲಿತಮ್ಮನ ಹೆಸರು ಇಲ್ಲಿಗೇ ನಿಲ್ಲುವುದಿಲ್ಲ. ತರೀಕೆರೆ ಬಳಿಯ ಅಮೃತಾಪುರದಲ್ಲಿ 1196ರ ಗುಡಿಯಲ್ಲಿ ಅದು ಇದೆ. 13ನೆಯ ಶತಮಾನದ ಉತ್ತರಾರ್ಧಕ್ಕೆ ಸೇರಿದ ಸೋಮನಾಥಪುರದ ಕೇಶವ ದೇವಾಲಯದಲ್ಲೂ ಇದೆ, ಅಲ್ಲಂತೂ ನಲವತ್ತರಷ್ಟು ಮೂರ್ತಿಗಳ ಮೇಲೆ. ಈ ಮಲ್ಲಿತಮ್ಮ ಒಬ್ಬನೇ ಆಗಿದ್ದರೆ ಆತ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿ ಹಿಡಿದಿದ್ದ, ಸೋಮನಾಥಪುರಕ್ಕೆ ಬರುವಾಗ ಎಪ್ಪತ್ತೈದು ದಾಟಿರಬೇಕು. ಒಂದೇ ಹೆಸರಿನ ಇಬ್ಬರಿದ್ದರು ಎನ್ನುವುದಾದರೂ, ಹೆಸರೊಂದು ಊರಿಂದೂರಿಗೆ ಕೆಲಸ ತಂದುಕೊಡುತ್ತಿತ್ತು ಎಂಬ ಮಾತಿಗೆ ಅದರಿಂದ ಊನವಿಲ್ಲ.

ಈ ಕಲ್ಲಿನ ಹೆಸರುಗಳನ್ನು ಈಗ ನೆನೆಯಲು ಕಾರಣವಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡಿನಂಥ ಊರುಗಳಲ್ಲಿ ನೌಕರಿ ಮುಗಿಸಿದವರು, ಅಂಗಡಿಯನ್ನು ಮಕ್ಕಳಿಗೆ ಬಿಟ್ಟುಕೊಟ್ಟವರು, ಸಂಸಾರದ ಹೊರೆ ಇಳಿದ ಗೃಹಿಣಿಯರು ಇಂಟರ್ನೆಟ್ಟಿನ ಮೂಲಕ ದೂರದವರಿಗೆ ಬಿಡಿ ಕೆಲಸ ಮಾಡಿಕೊಡುವ ದಾರಿ ಇಂದು ತೆರೆದಿದೆ. ಲೆಕ್ಕ ಬರೆಯುವುದು, ಅನುವಾದ, ಕರಡು ತಿದ್ದುವುದು, ಮಕ್ಕಳಿಗೆ ಗಣಿತವನ್ನೋ ಸಂಗೀತವನ್ನೋ ಹೇಳಿಕೊಡುವುದು, ವಿಡಿಯೊಗಳಿಗೆ ಅಡಿಬರಹ ಹಾಕುವುದು. ಇದಕ್ಕೆ ಮನೆಯೊಳಗೂ ಹೊರಗೂ ಕೇಳಿಬರುವ ಮಾತು ಒಂದೇ: ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ? ಕೆಲಸ ಹೊಸಕಾಲದ್ದು, ಮಾಡುವವರು ಹಳೆಕಾಲದವರು, ಇವೆರಡಕ್ಕೂ ಕೂಡುವುದಿಲ್ಲ ಎಂಬುದು ಆ ಮಾತಿನ ಒಳಗಿರುವ ನಂಬಿಕೆ. ಚರಿತ್ರೆ ಹೇಳುವುದು ಬೇರೆ. ಈ ಸೀಮೆಯಲ್ಲಿ ಹಳೆಯದು ಹೆಸರಿನ ಮೇಲೆ ನಡೆಯುವ ಬಿಡಿ ಕೆಲಸ. ತಿಂಗಳ ಸಂಬಳ ಮತ್ತು ಇಂಥ ವಯಸ್ಸಿಗೆ ಕೆಲಸ ಮುಗಿಯಿತು ಎಂಬ ಗೆರೆ, ಇವೆರಡೂ ನಿನ್ನೆ ಮೊನ್ನೆಯವು. ಇಂಟರ್ನೆಟ್ ತಂದ ನಿಜವಾದ ತೊಡಕು ವಯಸ್ಸಿನದಲ್ಲ. ಮಾಡಿದ ಕೆಲಸದಲ್ಲಿ ಮಾಡಿದವರ ಹೆಸರು ಉಳಿಯುತ್ತದೆಯೇ, ಆ ಹೆಸರು ಅವರ ಜೊತೆಗೆ ಸಾಗುತ್ತದೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ. ನಮ್ಮ ಪತ್ರಿಕೆಗಳು ಫ್ರೀಲಾನ್ಸ್ ಪತ್ರಕರ್ತರನ್ನು ಬಹುಕಾಲದಿಂದ ‘ಹವ್ಯಾಸಿ ಪತ್ರಕರ್ತ’ ಎಂದು ಕರೆಯುತ್ತ ಬಂದಿವೆ. ಸಂಬಳವಿಲ್ಲದ್ದು ಹವ್ಯಾಸ ಎಂಬ ಭಾವನೆ ಭಾಷೆಯಲ್ಲೇ ಬೇರು ಬಿಟ್ಟಿರುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅದಕ್ಕೇ ಇಲ್ಲಿ ‘ಬಿಡಿ ಕೆಲಸ’ ಎಂದೇ ಬರೆಯುತ್ತೇನೆ.

ಬೇಲೂರಿಗೆ ಹೋಗೋಣ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ಮದನಿಕೆಗಳನ್ನು ನೋಡದ ಕನ್ನಡಿಗರು ಕಡಿಮೆ. ಅವುಗಳ ಅಡಿಯ ಅಕ್ಷರಗಳನ್ನು ನೋಡಿದವರು ಇನ್ನೂ ಕಡಿಮೆ. ಬಳ್ಳಿಗಾವೆಯ ದಾಸೋಜ ನಾಲ್ಕು ಮದನಿಕೆಗಳನ್ನು ಮಾಡಿದ, ಅವನ ಮಗ ಚಾವಣ ಐದನ್ನು ಮಾಡಿದ ಎಂದು ಹೇಳಲು ಆಧಾರ ಆ ಅಕ್ಷರಗಳೇ. ಬಳ್ಳಿಗಾವೆ ಇರುವುದು ಇಂದಿನ ಶಿಕಾರಿಪುರ ತಾಲ್ಲೂಕಿನಲ್ಲಿ, ಬೇಲೂರಿನಿಂದ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಅಷ್ಟು ದೂರದ ಊರಿನ ಹೆಸರನ್ನೂ ಸೇರಿಸಿ ಕೊರೆದದ್ದೇಕೆ? ಮುಂದೆ ಗುಡಿ ಕಟ್ಟಿಸುವವನು ಅದನ್ನು ಓದಿ ಬಳ್ಳಿಗಾವೆಗೆ ಹೇಳಿಕಳುಹಿಸಲಿ ಎಂದೇ ಇರಬೇಕು. ಹೊಯ್ಸಳ ಶಿಲ್ಪಿಗಳು ತಮ್ಮ ಹೆಸರಿನ ಜೊತೆಗೆ ಬಿರುದುಗಳನ್ನೂ ಹಾಕಿಕೊಂಡರು. ಎದುರಾಳಿ ಶಿಲ್ಪಿಗಳನ್ನು ಮೀರಿಸಿದವನು ಎಂಬರ್ಥದ ಬಿರುದುಗಳು ಬೇಕಾದಷ್ಟಿವೆ. ಸ್ಪರ್ಧೆ ಇಲ್ಲದ ಕಡೆ ಇಂಥ ಬಿರುದು ಹುಟ್ಟುವುದಿಲ್ಲ. ಶಿಲ್ಪಿಗೆ ಆಗಿನ ಹೆಸರು ‘ರೂವಾರಿ’. ಇವತ್ತು ಪತ್ರಿಕೆಗಳು ಯಾವುದಾದರೂ ಯೋಜನೆಯ ಹಿಂದಿನ ತಲೆಗೆ ಆ ಪದ ಬಳಸುತ್ತವೆ, ಕೈಕೆಲಸದ ನೆನಪು ಅದರಿಂದ ಅಳಿಸಿಹೋಗಿದೆ. ಇನ್ನೊಂದು ಕೊರಗೂ ಇದೆ. ಬೇಲೂರು ಎಂದೊಡನೆ ನಮ್ಮ ಬಾಯಿಗೆ ಬರುವುದು ಜಕಣಾಚಾರಿಯ ಕಥೆ. ಆ ಹೆಸರಿನ ಸಹಿ ಬೇಲೂರಿನ ಕಲ್ಲಿನಲ್ಲಿಲ್ಲ. ಕಲ್ಲಿನಲ್ಲಿರುವ ದಾಸೋಜ, ಚಾವಣ, ಮಲ್ಲಿಯಣ್ಣ, ನಾಗೋಜ, ಚಿಕ್ಕಹಂಪರ ಹೆಸರನ್ನು ನಮ್ಮ ಮಕ್ಕಳು ಕೇಳಿಯೇ ಇಲ್ಲ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ಪಟ್ಟಿ ಸೇರಿದಾಗಲಾದರೂ ಈ ಹೆಸರುಗಳು ಶಾಲೆಯ ಗೋಡೆಗೆ ಬರಬೇಕಿತ್ತು.

ಇಲ್ಲೊಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ. ದಾಸೋಜನಿಗೆ ಕುಲವೃತ್ತಿ ಇತ್ತು, ಉಳಿಯ ಜೊತೆಯಲ್ಲೇ ಬೆಳೆದವನು, ಬೆನ್ನಿಗೆ ತನ್ನವರಿದ್ದರು, ಎದುರಿಗೆ ರಾಜನಿದ್ದ. ಅರವತ್ತಕ್ಕೆ ಕಂಪ್ಯೂಟರ್ ಮುಂದೆ ಕುಳಿತ ನಿವೃತ್ತ ಮೇಷ್ಟ್ರಿಗೆ ಇದರಲ್ಲಿ ಯಾವುದಿದೆ? ಆಕ್ಷೇಪ ಅರ್ಧ ಸರಿ. ಕುಲದ ಆಸರೆ ಇಂದಿನವರಿಗೆ ಇಲ್ಲ, ಅದು ಹೋದದ್ದಕ್ಕೆ ಅಳಬೇಕಾಗಿಯೂ ಇಲ್ಲ. ಜಾತಿಗೆ ಕಟ್ಟಿದ್ದ ಕಸುಬು ಎಷ್ಟೋ ಜನರಿಗೆ ಬಾಗಿಲು ಮುಚ್ಚಿತ್ತು. ಆದರೆ ಮೇಷ್ಟ್ರು ಬರಿಗೈಯಲ್ಲಿ ಶುರುಮಾಡುತ್ತಾರೆ ಎಂಬ ಇನ್ನರ್ಧ ತಪ್ಪು. ಮೂವತ್ತೈದು ವರ್ಷ ಲೆಕ್ಕ ಬರೆದವರು, ವ್ಯಾಕರಣ ಕಲಿಸಿದವರು, ಕೋರ್ಟಿನ ಕಾಗದ ತಯಾರಿಸಿದವರು ಕೆಲಸ ಕಲಿತೇ ಬಂದಿರುತ್ತಾರೆ. ಅವರಿಗೆ ಹೊಸದು ಪೇಟೆ, ಕಸುಬಲ್ಲ. ಬಳ್ಳಿಗಾವೆಯ ದಾಸೋಜನಿಗೂ ಬೇಲೂರು ಹೊಸ ಪೇಟೆಯೇ ಆಗಿತ್ತು.

ಅಕ್ಷರದ ಕೆಲಸವನ್ನೇ ನೋಡಿದರೆ ಹೋಲಿಕೆ ಇನ್ನೂ ಹತ್ತಿರವಾಗುತ್ತದೆ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟವಾಗಿ 1902ರಲ್ಲಿ ಹೊರತಂದರು. ಇಂಥ ಶಾಸನಗಳಲ್ಲಿ ದಾನ ಕೊಟ್ಟವನ ಹೆಸರು, ಪಡೆದವನ ಹೆಸರು, ಗದ್ದೆಯ ಎಲ್ಲೆ, ಶಾಪದ ಸಾಲುಗಳು ಎಲ್ಲ ಮುಗಿದ ಮೇಲೆ ಎಷ್ಟೋ ಕಡೆ ಇಂಥ ಸೇನಬೋವ ಬರೆದ, ಇಂಥ ಓಜ ಕಂಡರಿಸಿದ ಎಂಬ ಮಾತು ಇರುತ್ತದೆ. ಈ ಸೇನಬೋವನೇ ಮುಂದೆ ಶಾನುಭೋಗನಾದ. ಕಲ್ಲು ಹೋಗಿ ಕಾಗದ ಬಂದಾಗಲೂ ಪದ್ಧತಿ ಬಿಡಲಿಲ್ಲ. ಮೈಸೂರು ಸೀಮೆಯ ಹಳೆಯ ಕ್ರಯಪತ್ರವನ್ನೋ ಭೋಗ್ಯದ ಪತ್ರವನ್ನೋ ಪೆಟ್ಟಿಗೆಯಿಂದ ತೆಗೆದು ನೋಡಿ. ಬರೆಸಿಕೊಟ್ಟವರ ರುಜು, ಇಲ್ಲವೆ ಹೆಬ್ಬೆಟ್ಟು, ಸಾಕ್ಷಿಗಳು, ಕೊನೆಗೆ ಮೂಲೆಯಲ್ಲಿ ‘ಬಿಕ್ಕಲಂ’ ಎಂದು ಬರೆದು ಒಂದು ಹೆಸರು. ಪಾರಸಿಯ ಕಲಂ, ಅಂದರೆ ಲೇಖನಿ, ಅದರಿಂದ ಬಂದ ಮಾತು ಇದು: ಇಂಥವರ ಕೈಬರಹ ಎಂದು ಅರ್ಥ. ಜಮೀನು ಅವನದಲ್ಲ, ಹಣ ಅವನದಲ್ಲ, ವ್ಯವಹಾರದಲ್ಲಿ ಅವನಿಗೆ ಪಾಲಿಲ್ಲ. ಆದರೂ ಬರೆದವನು ನಾನು, ತಪ್ಪಿದ್ದರೆ ಕೇಳಬೇಕಾದದ್ದು ನನ್ನನ್ನು ಎಂದು ಹೆಸರು ಹಾಕಿ ಕೊಡುತ್ತಿದ್ದ. ಪತ್ರಕ್ಕೆ ಇಷ್ಟು ಎಂದು ಕೊಟ್ಟದ್ದೇ ಅವನ ಸಂಪಾದನೆ. ಇವತ್ತಿಗೂ ಸಬ್‌ರಿಜಿಸ್ಟ್ರಾರ್ ಕಚೇರಿಗಳ ಸುತ್ತ ಪರವಾನಗಿ ಪಡೆದ ಪತ್ರ ಬರಹಗಾರರು, ತಾಲ್ಲೂಕು ಕಚೇರಿಗಳ ಎದುರು ಅರ್ಜಿ ಬರೆದುಕೊಡುವವರು ಇದ್ದಾರೆ. ಈ ಸಾಲಿನಲ್ಲಿ ತಲೆ ನೆರೆತವರು ಇರುವುದು ಯಾರಿಗೂ ವಿಚಿತ್ರ ಎನಿಸಿಲ್ಲ. ಪತ್ರ ಬರೆಯುವವನಿಗೆ ವಯಸ್ಸಾದಷ್ಟೂ ಬೆಲೆ ಹೆಚ್ಚು.

ಹಾಗಾದರೆ ವಯಸ್ಸಿನ ಗೆರೆ ಬಂದದ್ದು ಎಲ್ಲಿಂದ? ಸರ್ಕಾರಿ ಸೇವೆಯ ನಿಯಮಗಳಿಂದ. ಬ್ರಿಟಿಷರ ಕಾಲದ ಸೇವಾ ನಿಯಮಗಳು 55ಕ್ಕೆ ಗೆರೆ ಎಳೆದವು. ಕೇಂದ್ರ ಸರ್ಕಾರ ಅದನ್ನು 1962ರಲ್ಲಿ 58ಕ್ಕೂ 1998ರಲ್ಲಿ 60ಕ್ಕೂ ಏರಿಸಿತು. ಕರ್ನಾಟಕ 58ರಿಂದ 60ಕ್ಕೆ ಬಂದದ್ದು 2008ರಲ್ಲಿ. ನಿಯಮ ಬದಲಾದಂತೆ ಓಡಾಡುವ ಗೆರೆ ದೇಹದ ಗೆರೆಯಲ್ಲ, ಖಜಾನೆಯ ಗೆರೆ. ಕಿರಿಯರಿಗೆ ಜಾಗ ಬಿಡಬೇಕು ಎಂಬ ನ್ಯಾಯ ಅದರಲ್ಲಿದೆ, ಅದನ್ನು ಒಪ್ಪಬೇಕು. ಆದರೆ ಕಚೇರಿಯ ಕುರ್ಚಿಗೆ ಹೇಳಿದ ನ್ಯಾಯವನ್ನು ಮನುಷ್ಯನ ಇಡೀ ದುಡಿಮೆಗೆ ಹಚ್ಚಿದೆವು. ಹಳ್ಳಿಯ ಮಟ್ಟಿಗೆ ಈ ಬದಲಾವಣೆಗೆ ಖಚಿತ ದಿನಾಂಕವೇ ಇದೆ. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂತು. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ ಅಂದಿಗೆ ಮುಗಿಯಿತು, ಶಾನುಭೋಗನ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗ ಬಂದ. ಹುಟ್ಟಿನಿಂದ ಬಂದ ಅಧಿಕಾರ ಹೋದದ್ದು ಒಳ್ಳೆಯದೇ. ಅದರ ಜೊತೆಗೆ, ಕೈ ನಡೆಯುವವರೆಗೂ ಲೆಕ್ಕ ಬರೆಯುತ್ತಿದ್ದವನ ಜಾಗದಲ್ಲಿ ನಿವೃತ್ತಿ ದಿನಾಂಕವಿರುವ ನೌಕರ ಕೂತ ಎಂಬುದನ್ನೂ ಗಮನಿಸಬೇಕು. ‘ಸಂಬಳ’ ಎಂಬ ಮಾತಿಗೆ ಮೊದಲಿದ್ದ ಅರ್ಥ ದಾರಿಯ ಬುತ್ತಿ. ‘ನಿವೃತ್ತಿ’ಯಂತೂ ವೇದಾಂತದ ಮಾತು, ಪ್ರವೃತ್ತಿಗೆ ಎದುರಾದದ್ದು, ಒಳಗಿನ ತಿರುವು. ಎರಡನ್ನೂ ಕಚೇರಿಯ ರಿಜಿಸ್ಟರಿಗೆ ಇಳಿಸಿಕೊಂಡಿದ್ದೇವೆ.

ನಿವೃತ್ತಿ ಎಂಬ ಮಾತಿನ ಎರಡೂ ಅರ್ಥಗಳನ್ನು ಬಾಳಿದ ಒಬ್ಬರು ಹೊಳೆನರಸೀಪುರದಲ್ಲಿದ್ದರು. 1880ರಲ್ಲಿ ಹುಟ್ಟಿದ ಯಲ್ಲಂಬಳಸೆ ಸುಬ್ಬರಾಯರು ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. 1920ರಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಎಂಬ ಪ್ರಕಾಶನ ಸಂಸ್ಥೆಯನ್ನು ಆರಂಭಿಸಿದರು. ನೌಕರಿಯಿಂದ ನಿವೃತ್ತರಾದ ಮೇಲೆ, 1937ರಲ್ಲಿ, ಅದನ್ನು ಹೇಮಾವತಿಯ ದಡದ ಹೊಳೆನರಸೀಪುರಕ್ಕೆ ತಂದರು. ಆಗ ಅವರಿಗೆ 57 ವರ್ಷ. 1948ರಲ್ಲಿ ಸಂನ್ಯಾಸ ಪಡೆದು ಸಚ್ಚಿದಾನಂದೇಂದ್ರ ಸರಸ್ವತಿ ಎನಿಸಿದರು. ಅವರ ಮೇರುಕೃತಿ ಎಂದು ಪಂಡಿತರು ಹೇಳುವ ಸಂಸ್ಕೃತ ಗ್ರಂಥ ‘ವೇದಾಂತಪ್ರಕ್ರಿಯಾಪ್ರತ್ಯಭಿಜ್ಞಾ’ ಅಚ್ಚಾದದ್ದು 1964ರಲ್ಲಿ, ಅವರ 84ನೆಯ ವಯಸ್ಸಿನಲ್ಲಿ. 1975ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಕನ್ನಡ, ಸಂಸ್ಕೃತ, ಇಂಗ್ಲಿಷುಗಳಲ್ಲಿ ಅವರ ಪುಸ್ತಕಗಳು ಇನ್ನೂರರ ಆಸುಪಾಸಿನಲ್ಲಿದ್ದವು. ಬೆಂಗಳೂರು ಮೈಸೂರುಗಳ ದೊಡ್ಡ ಪ್ರಕಾಶಕರನ್ನು ನಂಬದೆ, ಹೊಳೆನರಸೀಪುರದಲ್ಲೇ ಅಧ್ಯಾತ್ಮ ಪ್ರಕಾಶ ಪ್ರೆಸ್ಸಿನಲ್ಲಿ ಅಚ್ಚು ಹಾಕಿ ಓದುಗರಿಗೆ ಮುಟ್ಟಿಸಿದ ಕೆಲಸ ಅದು. ಮುಟ್ಟಿಸಿದ್ದು ಅಂಚೆ. ಅಂಚೆ ಇಲಾಖೆ ಮನಿಯಾರ್ಡರ್ ವ್ಯವಸ್ಥೆಯನ್ನು ಕೈಗೆತ್ತಿಕೊಂಡದ್ದು ಅವರು ಹುಟ್ಟಿದ 1880ರಲ್ಲೇ. ಒಂದು ಸಣ್ಣ ಊರಿನಲ್ಲಿ ಕೂತು ನೂರಾರು ಮೈಲಿ ದೂರದವರಿಗೆ ಕೆಲಸ ಮಾಡಿ, ಅವರಿಂದ ಹಣ ತರಿಸಿಕೊಳ್ಳುವುದು ಹೀಗೆ ಸಾಧ್ಯವಾಯಿತು. ಇವತ್ತು ಫೈಬರ್ ತಂತಿ ಮತ್ತು ಯುಪಿಐ ಮಾಡುವ ಕೆಲಸವನ್ನು ಆಗ ಪೋಸ್ಟ್‌ಮ್ಯಾನಿನ ಚೀಲ ಮಾಡುತ್ತಿತ್ತು. ದೂರದ ಕೆಲಸ ಈ ಜಿಲ್ಲೆಗೆ ಇನ್ನೊಂದು ಬಗೆಯಲ್ಲೂ ಹೊಸತಲ್ಲ: 1982ರಿಂದ ಹಾಸನದ ಇಸ್ರೊ ಕೇಂದ್ರದಲ್ಲಿ ಕೂತವರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ನಡೆಸುತ್ತಿದ್ದಾರೆ.

ಸ್ವಾಮಿಗಳ ಕೆಲಸ ಹೊಟ್ಟೆಪಾಡಿನದಲ್ಲ, ಅದನ್ನು ಬಿಡಿ ಕೆಲಸದ ಸಾಲಿಗೆ ಸೇರಿಸಬಹುದೇ ಎಂದು ಯಾರಾದರೂ ಕೇಳಿದರೆ, ಸಂಪಾದನೆಗೆ ಅದು ಸಾಕ್ಷಿಯಲ್ಲ ಎಂದು ಒಪ್ಪುತ್ತೇನೆ. ವಯಸ್ಸಿಗೆ ಮತ್ತು ಊರಿಗೆ ಅದು ಸಾಕ್ಷಿ. ಇನ್ನೂ ಗಟ್ಟಿಯಾದ ಆಕ್ಷೇಪವೆಂದರೆ, ಇಳಿವಯಸ್ಸಿನಲ್ಲಿ ದುಡಿದು ಹೆಸರಾದವರೆಲ್ಲ ಅಸಾಧಾರಣರು ಎಂಬುದು. ಗೊರೂರು ರಾಮಸ್ವಾಮಿ ಅಯ್ಯಂಗಾರರಿಗೆ ‘ಅಮೆರಿಕಾದಲ್ಲಿ ಗೊರೂರು’ ಪುಸ್ತಕಕ್ಕಾಗಿ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ 76 ವರ್ಷ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ 1920ರಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಆಕಾಶವಾಣಿಯಿಂದ ನಿವೃತ್ತರಾದ ಮೇಲೂ ದಶಕಗಳ ಕಾಲ ಹಾಡಿದರು, ಪಾಠ ಹೇಳಿದರು. ಚನ್ನರಾಯಪಟ್ಟಣ ತಾಲ್ಲೂಕು ಸಂತೇಶಿವರದ ಎಸ್.ಎಲ್. ಭೈರಪ್ಪ 1991ರಲ್ಲಿ ನಿವೃತ್ತರಾದರು. ‘ಸಾರ್ಥ’, ‘ಮಂದ್ರ’, ‘ಆವರಣ’ ಎಲ್ಲ ಆಮೇಲಿನವು, ‘ಉತ್ತರಕಾಂಡ’ ಬಂದಾಗ ಅವರಿಗೆ 85. ಇಂಥವರನ್ನು ತೋರಿಸಿ ಸಾಮಾನ್ಯರಿಗೆ ಆಸೆ ಹುಟ್ಟಿಸುವುದು ತಪ್ಪು ಎಂಬ ಮಾತಿನಲ್ಲಿ ಕಾಳಜಿ ಇದೆ. ಆದರೆ ಚರಿತ್ರೆಯಲ್ಲಿ ಹೆಸರು ಉಳಿಯುವುದು ದೊಡ್ಡವರದು ಮಾತ್ರ ಎಂಬುದನ್ನೂ ಮರೆಯಬಾರದು. ಬಿಕ್ಕಲಂ ಹಾಕಿದ ಸಾವಿರಾರು ಕೈಗಳು ಸಾಮಾನ್ಯರವು. ಅವರು ಬದುಕಿದ್ದು ಪ್ರತಿಭೆಯಿಂದಲ್ಲ, ತಪ್ಪಿಲ್ಲದೆ ಬರೆಯುತ್ತಾರೆ ಎಂಬ ನಂಬಿಕೆಯಿಂದ. ಇಂಟರ್ನೆಟ್ಟಿನ ಬಿಡಿ ಕೆಲಸದಲ್ಲೂ ಬೇಕಾದದ್ದು ಬಹುಮಟ್ಟಿಗೆ ಅಷ್ಟೇ: ಹೇಳಿದ ದಿನಕ್ಕೆ, ಹೇಳಿದಂತೆ, ತಪ್ಪಿಲ್ಲದೆ.

ನಿಜವಾಗಿ ಹೆದರಬೇಕಾದ ಆಕ್ಷೇಪ ಬೇರೆ. ಬಿಡಿ ಕೆಲಸಕ್ಕೆ ಕರಾಳ ಚರಿತ್ರೆಯೂ ಇದೆ, ಅದು ಬೀಡಿಯದು. ಎಲೆ ಹೊಗೆಸೊಪ್ಪನ್ನು ಮನೆಗೆ ಒಯ್ದು, ಸಾವಿರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಸುತ್ತಿಕೊಟ್ಟ ಹೆಂಗಸರು ಕರ್ನಾಟಕದಲ್ಲಿ ಲಕ್ಷಗಟ್ಟಲೆ. ಕಂತ್ರಾಟುದಾರ ಕಳಪೆ ಎಂದು ತೆಗೆದಿಟ್ಟ ಬೀಡಿಗೆ ಕಾಸಿಲ್ಲ, ಎಲೆ ಕಡಿಮೆ ಬಿದ್ದರೆ ಕೈಯಿಂದ ಭರ್ತಿ. ಮನೆಯಲ್ಲೇ ಕೂತು ಮಾಡುವ ಕೆಲಸ, ಬೇಕಾದಾಗ ಮಾಡಬಹುದು, ವಯಸ್ಸಿನ ತಡೆಯಿಲ್ಲ. ಇಂಟರ್ನೆಟ್ ಕೆಲಸಕ್ಕೆ ಇವತ್ತು ಹೇಳುವ ಎಲ್ಲ ಹೊಗಳಿಕೆಗಳೂ ಬೀಡಿಗೂ ಒಪ್ಪುತ್ತಿದ್ದವು. ಮಲ್ಲಿತಮ್ಮನಿಗೂ ಬೀಡಿ ಸುತ್ತಿದ ತಾಯಿಗೂ ಇರುವ ವ್ಯತ್ಯಾಸ ಎಲ್ಲಿ? ಕೈಚಳಕದಲ್ಲಿ ಅಲ್ಲ. ಬೀಡಿಯ ಕಟ್ಟಿನ ಮೇಲೆ ಇರುತ್ತಿದ್ದುದು ಕಂಪನಿಯ ಲೇಬಲ್. ಯಾರು ಸುತ್ತಿದರು ಎಂಬುದು ಕಟ್ಟು ಮನೆಯ ಹೊಸ್ತಿಲು ದಾಟಿದ ಕ್ಷಣಕ್ಕೆ ಅಳಿಸಿಹೋಗುತ್ತಿತ್ತು. ಆದ್ದರಿಂದಲೇ ಅವಳ ಬದಲಿಗೆ ಇನ್ನೊಬ್ಬಳನ್ನು ತರುವುದು ಸುಲಭ, ದರ ಇಳಿಸುವುದು ಸುಲಭ. ಈ ಕಣ್ಣಿನಿಂದ ನೋಡಿದರೆ ಇಂದಿನ ಆನ್‌ಲೈನ್ ಕೆಲಸದ ಬಹುಪಾಲು ಬೀಡಿಯ ಕಡೆಗೆ ವಾಲಿದೆ. ಅಡಿಬರಹ ಬರೆದವರ ಹೆಸರು ಎಷ್ಟೋ ಸಲ ಪರದೆಗೆ ಬರುವುದಿಲ್ಲ, ಕಂಪ್ಯೂಟರಿಗೆ ಕಲಿಸಲು ಚಿತ್ರಗಳಿಗೆ ಗುರುತು ಹಚ್ಚಿದವರನ್ನು ಕೇಳುವವರಿಲ್ಲ. ವರ್ಷಗಟ್ಟಲೆ ದುಡಿದು ಗಳಿಸಿದ ನಕ್ಷತ್ರಗಳು, ಗಿರಾಕಿಗಳ ಒಳ್ಳೆಯ ಮಾತುಗಳು ಇರುವುದು ಜಾಲತಾಣದ ಮಾಲೀಕನ ಬಳಿ. ಖಾತೆ ಮುಚ್ಚಿದರೆ ಅವೂ ಹೋದವು. ಮಲ್ಲಿತಮ್ಮನ ಹೆಸರು ಅಮೃತಾಪುರದಿಂದ ನುಗ್ಗೇಹಳ್ಳಿಗೆ, ಅಲ್ಲಿಂದ ಸೋಮನಾಥಪುರಕ್ಕೆ ನಡೆದುಹೋಯಿತು. ಇವತ್ತಿನ ಬಿಡಿ ಕೆಲಸಗಾರರ ಹೆಸರಿಗೆ ಆ ಕಾಲಿಲ್ಲ. ಚಿಕ್ಕವರು ಇನ್ನೊಂದು ಹತ್ತು ವರ್ಷ ಕೊಟ್ಟು ಮತ್ತೆ ಹೆಸರು ಕಟ್ಟಬಹುದು. ಅರವತ್ತಕ್ಕೆ ಶುರುಮಾಡಿದವರಿಗೆ ಆ ಹತ್ತು ವರ್ಷ ಅಗ್ಗದ್ದಲ್ಲ.

ಹೀಗೇ ಆಗಬೇಕಾಗಿಲ್ಲ ಎನ್ನುವುದಕ್ಕೆ ಹಾಸನದ್ದೇ ಹೊಸ ಪುರಾವೆ ಇದೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ‘ಹಾರ್ಟ್ ಲ್ಯಾಂಪ್’ ಎಂಬ ಇಂಗ್ಲಿಷ್ ಸಂಕಲನಕ್ಕೆ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಹಾಸನದಲ್ಲಿ ವಕೀಲಿ ಮಾಡುತ್ತ ಬರೆದುಕೊಂಡು ಬಂದವರಿಗೆ ಆಗ 77 ವರ್ಷ. ಪ್ರಶಸ್ತಿಯ 50,000 ಪೌಂಡಿನಲ್ಲಿ ಅರ್ಧ ಲೇಖಕಿಗೆ, ಅರ್ಧ ಅನುವಾದಕಿ ಮಡಿಕೇರಿಯ ದೀಪಾ ಭಾಸ್ತಿಯವರಿಗೆ. ಅನುವಾದಕಿಗೆ ಸರಿಪಾಲು ಕೊಡುವುದು ಆ ಪ್ರಶಸ್ತಿಯ ನಿಯಮ, ಯಾರದೋ ದೊಡ್ಡ ಮನಸ್ಸಲ್ಲ. ಅನುವಾದ ಆನ್‌ಲೈನ್ ಪೇಟೆಯಲ್ಲಿ ಪದಕ್ಕೆ ಇಷ್ಟು ಪೈಸೆ ಎಂದು ಹರಾಜಾಗುವ ಕೆಲಸ. ಅದೇ ಕೆಲಸಕ್ಕೆ ಹೆಸರನ್ನೂ ಸರಿಪಾಲನ್ನೂ ನಿಯಮದಲ್ಲೇ ಬರೆದಿಟ್ಟರೆ ಏನಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆ ಕಣ್ಣಾರೆ ಕಂಡಿದೆ.

ಕಾನೂನಿನ ಕಡೆ ಕೆಲವು ಹೆಜ್ಜೆಗಳು ಬಿದ್ದಿವೆ. 2020ರ ಸಾಮಾಜಿಕ ಭದ್ರತಾ ಸಂಹಿತೆ ಗಿಗ್ ಮತ್ತು ಪ್ಲಾಟ್‌ಫಾರ್ಮ್ ಕಾರ್ಮಿಕರನ್ನು ಹೆಸರಿಸಿ ಗುರುತಿಸಿತು. ಕರ್ನಾಟಕ 2025ರಲ್ಲಿ ತನ್ನದೇ ಕಾಯ್ದೆ ಮಾಡಿತು, ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಸಲ್ಲುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸುವ ಅವಕಾಶ ಅದರಲ್ಲಿದೆ. ಊಟ ತಂದುಕೊಡುವ, ಆಟೊ ಓಡಿಸುವ ಹುಡುಗರ ಹೋರಾಟದಿಂದ ಬಂದ ಕಾಯ್ದೆ ಇದು, ಸ್ವಾಗತಾರ್ಹ. ಆದರೆ ಮನೆಯಲ್ಲಿ ಕೂತು ಪರದೇಶದ ಗಿರಾಕಿಗೆ ಲೆಕ್ಕ ಬರೆಯುವ ಹಿರಿಯರು ಯಾರ ಕಣ್ಣಿಗೂ ಬೀಳುವುದಿಲ್ಲ. 2021ರಲ್ಲಿ ಅಸಂಘಟಿತ ಕಾರ್ಮಿಕರ ನೋಂದಣಿಗೆಂದು ಇ-ಶ್ರಮ್ ಶುರುವಾದಾಗ ವಯಸ್ಸಿನ ಮಿತಿ 16ರಿಂದ 59. ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್ ಪಿಂಚಣಿಗೆ ಸೇರಲು 18ರಿಂದ 40. ಖಜಾನೆಯ ಅದೇ ಹಳೆಯ ಗೆರೆ, ಸಂಬಳವೇ ಇಲ್ಲದವರ ಮೇಲೂ.

ಮನೆಯಲ್ಲಿ ಚದುರಿ ಕೂತವರನ್ನು ಕಾನೂನು ಹೇಗೆ ಲೆಕ್ಕಕ್ಕೆ ಹಿಡಿಯಬೇಕು ಎಂದು ಅಧಿಕಾರಿಗಳು ಕೇಳಬಹುದು. ಉತ್ತರ ಬೀಡಿಯ ಚರಿತ್ರೆಯಲ್ಲೇ ಇದೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಸುತ್ತುವವರನ್ನೂ ಕಾರ್ಮಿಕರೆಂದು ಒಪ್ಪಿತು. 1976ರ ಕಾಯ್ದೆಗಳು ಬೀಡಿಯ ಮೇಲೆ ಸಣ್ಣ ಕರ ಹಾಕಿ ಕಲ್ಯಾಣ ನಿಧಿ ಕಟ್ಟಿದವು. ಗುರುತಿನ ಚೀಟಿ ಬಂತು, ಆಸ್ಪತ್ರೆ ಬಂತು, ಮಕ್ಕಳಿಗೆ ವಿದ್ಯಾರ್ಥಿವೇತನ ಬಂತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಸಾವಿರ ಬೀಡಿಗೆ ಇಷ್ಟು ಪೈಸೆ ಎಂದು ಎಣಿಸಿ ಮಾಡಿದ ಕೆಲಸ ಅದು. ಪ್ರತಿ ರೂಪಾಯಿಯೂ ಬ್ಯಾಂಕಿನ ದಾಖಲೆಯಲ್ಲೇ ಓಡಾಡುವ ಇವತ್ತು ಆಗುವುದಿಲ್ಲ ಎನ್ನುವ ಹಾಗಿಲ್ಲ. ರಾಜ್ಯದ ಕಾಯ್ದೆಗೆ ನಿಯಮ ರೂಪಿಸುವವರು ಎರಡು ಸಾಲು ಸೇರಿಸಲಿ: ನೋಂದಣಿಗೆ ಮೇಲಿನ ವಯಸ್ಸಿನ ಮಿತಿ ಬೇಡ, ದುಡಿದವರು ಕೇಳಿದಾಗ ಅವರ ಕೆಲಸದ ಮತ್ತು ಗಳಿಸಿದ ಮೆಚ್ಚುಗೆಯ ಪೂರ್ತಿ ದಾಖಲೆಯನ್ನು ಕಂಪನಿ ಅವರ ಕೈಗೆ ಕೊಡಲೇಬೇಕು. ಅಲ್ಲಿಯವರೆಗೆ, ಈ ವಯಸ್ಸಿನಲ್ಲಿ ಬಿಡಿ ಕೆಲಸಕ್ಕೆ ಕೈಹಾಕಿದ ಹಾಸನದ ಹಿರಿಯರಲ್ಲಿ ಒಂದು ಕೋರಿಕೆ. ಮಾಡಿಕೊಟ್ಟ ಪ್ರತಿ ಕೆಲಸದ ಒಂದು ನಕಲನ್ನು, ಗಿರಾಕಿ ಬರೆದ ಪ್ರತಿ ಮಾತನ್ನು ನಿಮ್ಮದೇ ಪುಸ್ತಕದಲ್ಲಿ ತಾರೀಖು ಹಾಕಿ ಇಟ್ಟುಕೊಳ್ಳಿ, ಒಪ್ಪಂದದಲ್ಲಿ ಅವಕಾಶ ಇರುವ ಕಡೆಯಲ್ಲೆಲ್ಲ ಕೆಲಸದ ಕೊನೆಗೆ ನಿಮ್ಮ ಹೆಸರನ್ನೂ ಊರನ್ನೂ ಬರೆಯಿರಿ.